ರಿಲೇ ಸ್ವಲ್ಪ ಕಾಯಲಿ, ಆದ್ರೆ ಎಷ್ಟು ಹೊತ್ತು?

ಶಿರಾ ತಾಲ್ಲೂಕಿನ ಬರಗೂರು ಅಂದ ಕೂಡಲೇ ನಿಮಗೆ ಸಾಹಿತಿ ಬರಗೂರು ರಾಮಚಂದ್ರಪ್ಪನವರು ನೆನಪಾಗ್ತಾರೆ. ನನ್ನಂಥ ಮೋಟರ್ ರಿಪೇರಿಯವನಿಗೆ ನೆನಪಾಗೋದು ಬೋರ್‌ವೆಲ್. ಅಲ್ಲಿಂದ ಪಾವಗಡ, ಮಧುಗಿರಿ ಕಡೆಗೆಲ್ಲ ಬೋರ್ ನಂಬಿಕೊಂಡೇ ಬೇಸಾಯ. ಬರೋ ಫೋನೂ ಹೆಚ್ಚಾಗಿ ಒಂದೇ ಥರದ್ದು: "ಅಣ್ಣಾ, ಕರೆಂಟ್ ಬಂತು, ಮೋಟರ್ ಗುಂಯ್ ಅಂತು, ಟಪ್ ಅಂತ ಟ್ರಿಪ್ ಆಯ್ತು."

ಆಮೇಲೆ ಏನಾಗುತ್ತೆ ನಿಮಗೂ ಗೊತ್ತು. ಯಾರೋ ಬಂದು ರಿಲೇ ತಿರುಪನ್ನ ಕೊನೇವರೆಗೆ ತಿರುಗಿಸ್ತಾರೆ, ಇಲ್ಲಾಂದ್ರೆ ವೈರ್ ಸುತ್ತಿ ರಿಲೇನೇ ಬೈಪಾಸ್ ಮಾಡ್ತಾರೆ. ಮೋಟರ್ ಓಡುತ್ತೆ. ಸುಟ್ಟ ದಿನ ನೂರಾರು ಅಡಿ ಪೈಪು ಒಂದೊಂದೇ ಬಿಚ್ಚಿ ಮೇಲೆತ್ತಬೇಕು. ಎತ್ತೋ ಗಾಡಿ ಬಾಡಿಗೆ, ರಿವೈಂಡಿಂಗ್, ಅಷ್ಟರಲ್ಲಿ ಬಾಡಿದ ಬೆಳೆ, ಎಲ್ಲ ರೈತನ ತಲೆಗೇ.

ರಿಲೇದು ತಪ್ಪು ಅಂತ ಹೇಳೋಕಾಗಲ್ಲ. ಮೋಟರ್ ಹೊರಡುವಾಗ ಸುಮಾರು ಆರು ಪಟ್ಟು ಕರೆಂಟ್ ಎಳೆಯುತ್ತೆ. ಫಲಕದಲ್ಲಿ 8 ಆಂಪಿಯರ್ ಇದ್ರೆ ಆ ಕ್ಷಣಕ್ಕೆ 48. ವೇಗ ಹಿಡಿದ ಮೇಲೆ ಇಳಿಯುತ್ತೆ. ಹಾಗಾಗಿ ರಿಲೇ ತುಸು ಕಾಯಲೇಬೇಕು. ಹಳೇ ಸ್ಟಾರ್ಟರ್‌ಗಳಲ್ಲಿ ಈ ಕೆಲಸ ಎಣ್ಣೆ ಮಾಡ್ತಿತ್ತು: ಸಣ್ಣ ಬಟ್ಟಲಿನ ಎಣ್ಣೆಯೊಳಗೆ ಪಿಸ್ಟನ್ ನಿಧಾನಕ್ಕೆ ಏರಬೇಕು, ಆಮೇಲೆ ಟ್ರಿಪ್. ಎಣ್ಣೆ ಒಣಗಿದ್ರೆ ಹೊರಡುವಾಗಲೇ ಟಪ್ ಅನ್ನುತ್ತೆ. ಕೈಗೆ ಸಿಕ್ಕ ಗಟ್ಟಿ ಎಣ್ಣೆ ಹುಯ್ದ್ರೆ ಮೋಟರ್ ಬೆಂದ ಮೇಲೂ ಅನ್ನಲ್ಲ. ಈಗಿನ ಬೈಮೆಟಲ್ ರಿಲೇ ಬಿಸಿಗೆ ಬಾಗುತ್ತೆ. 'ಕ್ಲಾಸ್ 10' ಅಂತ ಬರೆದಿದ್ರೆ, ಸೆಟ್ಟಿಂಗ್‌ನ 7.2 ಪಟ್ಟು ಕರೆಂಟ್‌ಗೆ 10 ಸೆಕೆಂಡ್ ಒಳಗೆ ಬಿಡಬೇಕು. ಬರೀ 1.2 ಪಟ್ಟಾದ್ರೆ 2 ಗಂಟೆವರೆಗೂ ಟೈಮ್ ತಗೋಬಹುದು. ಕರೆಂಟ್ ಜಾಸ್ತಿಯಾದಷ್ಟೂ ಕಾಯೋದು ಕಮ್ಮಿ. ಇದನ್ನ ನೆನಪಿಟ್ಕೊಳ್ಳಿ.

ಯಾಕಂದ್ರೆ ಹೋದ ಬೇಸಿಗೆಯಲ್ಲಿ ಡಿಪ್ಲೊಮಾ ಓದಿದ ಹುಡುಗನೊಬ್ಬ ತಾನೇ ಮಾಡಿದ ಎಲೆಕ್ಟ್ರಾನಿಕ್ ಬೋರ್ಡ್ ತಂದಿದ್ದ. ಸಿ.ಟಿ. ಕಾಯಿಲ್ ಕರೆಂಟ್ ಅಳೆಯುತ್ತೆ, ಕಂಪೇರೇಟರ್ ಚಿಪ್ ಮಿತಿ ದಾಟಿತಾ ಅಂತ ಹೇಳುತ್ತೆ. ಹೊರಡುವಾಗ ಟ್ರಿಪ್ ಆಗ್ತಿತ್ತಂತೆ, ಅದಕ್ಕೆ ಕಂಪೇರೇಟರ್ ಆದ ಮೇಲೆ 3 ಸೆಕೆಂಡ್ ಟೈಮರ್ ಹಾಕಿದ್ದ. ಟ್ರಿಪ್ ನಿಂತಿತು. ಆದ್ರೆ ಈಗ ಆರು ಪಟ್ಟಿಗೂ 3 ಸೆಕೆಂಡ್, ಒಂದೂಕಾಲು ಪಟ್ಟಿಗೂ 3 ಸೆಕೆಂಡ್. ವೋಲ್ಟೇಜ್ ನಾಲ್ಕು ಸೆಕೆಂಡ್ ಕುಸಿದ್ರೂ ಸುಮ್ನೆ ಆಫ್.

ನಾನು ಹೇಳಿದ್ದು ಇಷ್ಟೇ: ತಡ ಮಾಡೋ ರೆಸಿಸ್ಟರ್-ಕೆಪಾಸಿಟರ್ ಜೋಡೀನ ಕಂಪೇರೇಟರ್‌ಗಿಂತ ಮುಂಚೆ ಹಾಕಪ್ಪಾ. 330 ಕಿಲೋಓಮ್, 47 ಮೈಕ್ರೋಫ್ಯಾರಡ್. ಗುಣಿಸಿದ್ರೆ ಹದಿನೈದೂವರೆ ಸೆಕೆಂಡ್. ಆರು ಪಟ್ಟು ಕರೆಂಟ್ ಬಂದ್ರೆ ಕೆಪಾಸಿಟರ್ ಮಿತಿ ಮುಟ್ಟೋಕೆ 2.8 ಸೆಕೆಂಡ್. ಎರಡು ಪಟ್ಟು ಬಂದ್ರೆ ಸುಮಾರು 10.7. ಬೈಮೆಟಲ್‌ನ ಬುದ್ಧಿ ತಾನಾಗೇ ಬರುತ್ತೆ.

ಆದ್ರೂ ಒಂದು ಕಡೆ ಎಡವಿದ್ವಿ. ಅವನ ಸರ್ಕ್ಯೂಟ್ 12 ವೋಲ್ಟಿನದು, ಮಿತಿ ಇಟ್ಟಿದ್ದು 5 ವೋಲ್ಟಿಗೆ. ಆರು ಪಟ್ಟು ಅಂದ್ರೆ 30 ವೋಲ್ಟ್ ಆಗ್ಬೇಕು, 12ರ ಮೇಲೆ ಹೋಗೋಕೆ ಜಾಗ ಎಲ್ಲಿದೆ? ಬೋರ್ಡಿಗೆ ಅದು ಬರೀ 2.4 ಪಟ್ಟಿನ ಹಾಗೆ ಕಂಡು, 2.8ರ ಬದಲು ಎಂಟು ಸೆಕೆಂಡ್ ದಾಟಿತು. ಮಿತಿಯನ್ನ ಒಂದೂವರೆ ವೋಲ್ಟಿಗೆ ಇಳಿಸಿದ ಮೇಲೆ ಸರಿಹೋಯ್ತು.

ಇನ್ನೊಂದು ವಿಷಯ. ಬೋರ್ಡ್ ಮುಟ್ಟೋಕೆ ಮೊದಲು ವೋಲ್ಟೇಜ್ ನೋಡಿ. ಲೈನಿನ ಕೊನೇ ತೋಟದಲ್ಲಿ 415 ಇರಬೇಕಾದ್ದು 300ಕ್ಕೆ ಇಳಿದಿದ್ರೆ ಮೋಟರ್‌ನ ತಿರುಗೋ ಬಲ ಸುಮಾರು ಅರ್ಧ. ಹೊರಡೋಕೆ ತಿಣುಕುತ್ತೆ, ಟ್ರಿಪ್ ಆಗುತ್ತೆ. ಅಲ್ಲಿ ರಿಲೇ ನಿಜಾನೇ ಹೇಳ್ತಿರುತ್ತೆ, ಅದರ ಬಾಯಿ ಮುಚ್ಚಿಸಬೇಡಿ. ಶಾರ್ಟ್ ಸರ್ಕ್ಯೂಟ್ ಬೇರೆ ಮಾತು, ಅದಕ್ಕೆ ಒಂದು ಕ್ಷಣಾನೂ ಕಾಯಂಗಿಲ್ಲ, ಫ್ಯೂಸ್ ಇರಲೇಬೇಕು.

ನನ್ನ ನಿದ್ದೆ ಕೆಡಿಸಿದ್ದು ಆಟೋ ಸ್ಟಾರ್ಟರ್. ರಾತ್ರಿ ಎರಡಕ್ಕೆ ಕರೆಂಟ್ ಬರುತ್ತೆ, ಮರಳು ಸಿಕ್ಕಿಕೊಂಡ ಪಂಪ್ ತಿರುಗಲ್ಲ, ಮೋಟರ್ ಸುತ್ತ ನೀರೂ ಹರಿಯಲ್ಲ. ಟ್ರಿಪ್, ಮತ್ತೆ ಸ್ಟಾರ್ಟ್, ಮತ್ತೆ ಟ್ರಿಪ್. ಆರು ಪಟ್ಟು ಕರೆಂಟ್ ಅಂದ್ರೆ ಸುರುಳಿಗೆ ಮೂವತ್ತಾರು ಪಟ್ಟು ಬಿಸಿ. ಬೈಮೆಟಲ್ ಆ ಬಿಸಿಯನ್ನ ಸ್ವಲ್ಪ ಹೊತ್ತು ನೆನಪಿಟ್ಕೊಳ್ಳುತ್ತೆ. ನಮ್ಮ ಕೆಪಾಸಿಟರ್ ಬೇಗನೇ ಖಾಲಿಯಾಗಿ ಎಲ್ಲ ಮರೆತುಬಿಡುತ್ತೆ. ಅದಕ್ಕೆ ಎರಡು ಸಲ ಟ್ರಿಪ್ ಆದ್ರೆ ಕೈಯಲ್ಲೇ ರೀಸೆಟ್ ಮಾಡೋ ತನಕ ಮೋಟರ್ ಹೊರಡದ ಹಾಗೆ ಬೀಗ ಹಾಕಿಸಿದ್ದೀನಿ. ರಾತ್ರಿ ಎದ್ದು ತೋಟಕ್ಕೆ ಹೋಗ್ಬೇಕಲ್ಲಪ್ಪಾ ಅಂತ ರೈತರು ಬೈತಾರೆ. ಬೈಲಿ ಬಿಡಿ.