ಬಿಸಿಲಿಗೆ ಬೆಲೆ ಕಟ್ಟುವವರು

ಬಿಸಿಲು ಯಾರೊಬ್ಬರ ಸ್ವತ್ತೂ ಅಲ್ಲ. ಅರಮನೆಯ ಮೇಲೆಯೂ ಗುಡಿಸಲಿನ ಮೇಲೆಯೂ ಅದು ಒಂದೇ ಸಮನಾಗಿ ಬೀಳುತ್ತದೆ. ಆದರೆ ಅದೇ ಬಿಸಿಲು ಗಾಜಿನ ಫಲಕಗಳ ಮೇಲೆ ಬಿದ್ದು, ವಿದ್ಯುಚ್ಛಕ್ತಿಯಾಗಿ ಮಾರ್ಪಟ್ಟು, ತಂತಿಯಲ್ಲಿ ಹರಿದು ಬಂದು ನಿಮ್ಮ ಮನೆಯ ದೀಪವನ್ನು ಬೆಳಗುವ ಹೊತ್ತಿಗೆ ಅದಕ್ಕೊಂದು ಬೆಲೆ ಬಂದಿರುತ್ತದೆ. ಈ ಬೆಲೆ ಕಟ್ಟುವವರು ಯಾರು? ಸರ್ಕಾರವೆಂದು ಕೆಲವರು, ಕಂಪನಿಗಳೆಂದು ಕೆಲವರು ಹೇಳುವುದುಂಟು. ಇವರಿಬ್ಬರ ನಡುವೆ ಮೂರನೆಯವರೊಬ್ಬರಿದ್ದಾರೆ. ಅವರೇ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದವರು. ಅವರ ಕೆಲಸವೇನು, ಅದರಲ್ಲಿ ನಮ್ಮ ಪಾಲೇನು ಎಂಬುದನ್ನು ಈಗ ವಿಚಾರಮಾಡೋಣ.

‘ನಿಯಂತ್ರಣ’ ಎಂದೊಡನೆ ತಡೆ, ಕಟ್ಟುಪಾಡು ಎಂಬ ಅರ್ಥವೇ ನಮಗೆ ಹೊಳೆಯುತ್ತದೆ. ಆದರೆ ಅಮರಕೋಶವನ್ನು ಓದಿದವರು ಬಲ್ಲರು: ಅಲ್ಲಿ ‘ನಿಯಂತಾ’ ಎಂಬುದು ಸಾರಥಿಯ ಹೆಸರುಗಳಲ್ಲೊಂದು. ಸಾರಥಿ ರಥದ ಒಡೆಯನಲ್ಲ. ರಥವನ್ನೆಳೆಯುವ ಕುದುರೆಯೂ ಅಲ್ಲ. ಲಗಾಮು ಮಾತ್ರ ಅವನ ಕೈಯಲ್ಲಿರುತ್ತದೆ. ಆಯೋಗದ ಸ್ಥಾನವೂ ಅಂಥದೇ.

ಹಿಂದೆ ವಿದ್ಯುತ್ತಿನ ದರವನ್ನು ಸರ್ಕಾರಗಳೂ ಅವುಗಳ ವಿದ್ಯುಚ್ಛಕ್ತಿ ಮಂಡಲಿಗಳೂ ಗೊತ್ತುಮಾಡುತ್ತಿದ್ದುವು. ಮಾರುವವನೂ ಅವನೇ, ತಕ್ಕಡಿ ಹಿಡಿಯುವವನೂ ಅವನೇ ಎಂಬಂತಿತ್ತು. 1998ರ ಶಾಸನದಿಂದ ದೆಹಲಿಯಲ್ಲಿ ಕೇಂದ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಹುಟ್ಟಿತು. ಮರುವರ್ಷವೇ ನಮ್ಮ ಕರ್ನಾಟಕದ ಆಯೋಗವೂ ಸ್ಥಾಪಿತವಾಯಿತು. 2003ರ ವಿದ್ಯುಚ್ಛಕ್ತಿ ಅಧಿನಿಯಮ ಇವುಗಳಿಗೆ ಇನ್ನಷ್ಟು ಬಲ ಕೊಟ್ಟಿತು. ರಾಜ್ಯದಿಂದ ರಾಜ್ಯಕ್ಕೆ ಹರಿಯುವ ವಿದ್ಯುತ್ತಿನ ವ್ಯವಹಾರ ಕೇಂದ್ರ ಆಯೋಗದ್ದು. ರಾಜ್ಯದ ಒಳಗಿನದು ರಾಜ್ಯ ಆಯೋಗದ್ದು.

ಸೌರಶಕ್ತಿಯ ವಿಷಯದಲ್ಲಿ ಆಯೋಗದ ಮೊದಲ ಕೆಲಸ ಬೆಲೆಯದು. 2010ರಲ್ಲಿ ರಾಷ್ಟ್ರೀಯ ಸೌರ ಯೋಜನೆ ಪ್ರಾರಂಭವಾದಾಗ ಈ ದೇಶದಲ್ಲಿ ದೊಡ್ಡ ಸೌರಸ್ಥಾವರಗಳ ಅನುಭವವೇ ಇರಲಿಲ್ಲ. ಫಲಕಗಳ ಬೆಲೆ, ಸಾಲದ ಬಡ್ಡಿ, ನಿರ್ವಹಣೆಯ ಖರ್ಚು, ಬಂಡವಾಳ ಹೂಡಿದವನಿಗೆ ನ್ಯಾಯವಾದ ಲಾಭ, ಇವನ್ನೆಲ್ಲ ಲೆಕ್ಕಹಾಕಿ ಕೇಂದ್ರ ಆಯೋಗ 2010-11ಕ್ಕೆ ಯೂನಿಟ್ಟಿಗೆ 17 ರೂಪಾಯಿ 91 ಪೈಸೆಯೆಂದು ದರ ಗೊತ್ತುಮಾಡಿತು. ಇದಕ್ಕಿಂತ ಎಷ್ಟು ಕಡಿಮೆಗೆ ಕೊಡುವಿರಿ ಎಂದು ಕಂಪನಿಗಳನ್ನು ಕೇಳಲಾಯಿತು. ಅದೇ ವರ್ಷ ಅತಿ ಕಡಿಮೆಯ ಕೂಗು 10 ರೂಪಾಯಿ 95 ಪೈಸೆಗೆ ಇಳಿಯಿತು. 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ 2 ರೂಪಾಯಿ 44 ಪೈಸೆ. 2020ರ ಡಿಸೆಂಬರಿನಲ್ಲಿ ಗುಜರಾತಿನ ಹರಾಜಿನಲ್ಲಿ 1 ರೂಪಾಯಿ 99 ಪೈಸೆ. ಪ್ರಪಂಚದಲ್ಲೆಲ್ಲ ಫಲಕಗಳ ಬೆಲೆ ಬಿದ್ದುಹೋದುದೇ ಇದಕ್ಕೆ ಮುಖ್ಯ ಕಾರಣ, ನಿಜ. ಆದರೆ ಹರಾಜು ನೇರವಾಗಿ ನಡೆಯದಿದ್ದರೆ ಆ ಇಳಿತದ ಫಲ ನಿಮ್ಮವರೆಗೆ ಬರುತ್ತಿರಲಿಲ್ಲ. ಹರಾಜು ನಿಯಮದಂತೆ ನಡೆಯಿತೇ ಎಂದು ನೋಡಿ, ಬಂದ ದರವನ್ನು ಅಂಗೀಕರಿಸುವ ಹೊಣೆ ಆಯೋಗದ್ದು.

ಎರಡನೆಯ ಕೆಲಸ ಕರಾರಿನದು. ಸೌರವಿದ್ಯುತ್ತಿನ ಕರಾರುಗಳು ಸಾಮಾನ್ಯವಾಗಿ 25 ವರ್ಷಗಳವು. ಅಷ್ಟು ದೀರ್ಘಕಾಲದಲ್ಲಿ ಏನೇನೋ ಬದಲಾಗುತ್ತದೆ. 2018ರ ಜುಲೈ ಕೊನೆಯಲ್ಲಿ ಕೇಂದ್ರ ಸರ್ಕಾರ ಹೊರದೇಶದ ಫಲಕಗಳ ಮೇಲೆ ನೂರಕ್ಕೆ 25ರಂತೆ ಸುಂಕ ಹಾಕಿತು. ಅದಕ್ಕೆ ಮೊದಲೇ ದರ ಒಪ್ಪಿಕೊಂಡಿದ್ದ ಕಂಪನಿಗಳು ಆಯೋಗದ ಬಾಗಿಲು ತಟ್ಟಿದುವು. ಇದು ಕಾನೂನಿನಲ್ಲಾದ ಬದಲಾವಣೆ, ಕರಾರಿನ ಪ್ರಕಾರ ಪರಿಹಾರ ಸಲ್ಲಬೇಕು ಎಂದು ಕೇಂದ್ರ ಆಯೋಗ ತೀರ್ಮಾನಿಸಿತು. ಆದರೆ ಕೇಳಿದಷ್ಟನ್ನೂ ಕೊಡಿರೆಂದು ಹೇಳಲಿಲ್ಲ. ತಂದ ಸಾಮಾನಿಗೂ ತೋರಿಸಿದ ಬಿಲ್ಲಿಗೂ ತಾಳೆ ನೋಡಬೇಕೆಂದಿತು. ಆ ಹಣ ಕೊನೆಗೆ ಬಳಕೆದಾರನ ಲೆಕ್ಕಕ್ಕೇ ಬರುವುದರಿಂದ ಈ ತಾಳೆಯಲ್ಲಿ ನಮ್ಮ ಹಿತವೂ ಅಡಗಿದೆ.

ಮೂರನೆಯದು ತಂತಿಯ ಕೆಲಸ. ಮಧ್ಯಾಹ್ನ ಸೌರವಿದ್ಯುತ್ತು ಹೊಳೆಯಾಗಿ ಹರಿಯುತ್ತದೆ. ನಾವು ದೀಪ ಹಚ್ಚುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಯಾವ ಸ್ಥಾವರ ಯಾವಾಗ ಎಷ್ಟು ಕೊಡಬೇಕು, ಹೇಳಿದ್ದಕ್ಕಿಂತ ಹೆಚ್ಚುಕಡಮೆಯಾದರೆ ಏನು ತೆರಬೇಕು ಎಂಬ ನಿಯಮಗಳನ್ನು ಕೇಂದ್ರ ಆಯೋಗವೇ ಬರೆಯುತ್ತದೆ. ಜಾಲಕ್ಕೆ ಅಪಾಯವಿಲ್ಲದಿರುವಾಗ, ಬೇರೆಡೆ ಅಗ್ಗದ ವಿದ್ಯುತ್ತು ಸಿಕ್ಕಿತೆಂಬ ಕಾರಣಕ್ಕೆ ಸೌರಸ್ಥಾವರವನ್ನು ನಿಲ್ಲಿಸಕೂಡದೆಂಬುದೂ ಅದರ ಕಟ್ಟಳೆಯೇ.

ಇಷ್ಟಾದರೂ ಈ ಲಗಾಮು ಎಲ್ಲ ಕಡೆಗೂ ಎಟುಕುವುದಿಲ್ಲ. ತುಮಕೂರು ಜಿಲ್ಲೆಯ ಪಾವಗಡವನ್ನು ನೋಡಿ. ಬರ ಆ ತಾಲ್ಲೂಕಿಗೆ ನೆಂಟನಂತೆ ಬಂದು ಹೋಗುತ್ತಿತ್ತು. ಅಲ್ಲಿ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಇಂದು 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ಭೂಮಿಯನ್ನು ರೈತರಿಂದ ಕ್ರಯಕ್ಕೆ ಪಡೆಯಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಎರಡು ವರ್ಷಕ್ಕೊಮ್ಮೆ ಅದು ನೂರಕ್ಕೆ 5ರಂತೆ ಏರುತ್ತದೆ. ಹೊಲದ ಒಡೆತನ ರೈತನಲ್ಲಿಯೇ ಉಳಿಯಿತು. ಇದು ಮೆಚ್ಚತಕ್ಕ ಏರ್ಪಾಡು. ಆದರೆ ಪಹಣಿಯಲ್ಲಿ ಹೆಸರಿದ್ದವನಿಗೆ ಗುತ್ತಿಗೆಯ ಹಣ ಬಂದಿತು. ಅದೇ ಹೊಲದಲ್ಲಿ ಕಳೆ ಕಿತ್ತು ಕೂಲಿ ಪಡೆಯುತ್ತಿದ್ದವನಿಗೂ ಕುರಿ ಮೇಯಿಸುತ್ತಿದ್ದವನಿಗೂ ಯಾವ ಪತ್ರದಲ್ಲಿಯೂ ಸ್ಥಾನವಿರಲಿಲ್ಲ. ಅವರ ಅಹವಾಲನ್ನು ಕೇಳುವ ಅಧಿಕಾರವನ್ನು ಶಾಸನ ಆಯೋಗಕ್ಕೆ ಕೊಟ್ಟಿಲ್ಲ. ಭೂಮಿಯ ವಿಷಯ ಸರ್ಕಾರದ್ದು. ಯೂನಿಟ್ಟಿನ ದರ ಎಷ್ಟು ಇಳಿಯಿತೆಂದು ಹಿಗ್ಗುವಾಗ ಈ ಕೊರತೆಯನ್ನು ಮರೆಯುವುದು ನ್ಯಾಯವಲ್ಲ. ಅದನ್ನು ಸರಿಪಡಿಸಬೇಕಾದವರು ಶಾಸನ ಮಾಡುವವರು. ಅವರನ್ನು ಕೇಳಬೇಕಾದವರು ನಾವು.

ಆಯೋಗದ ಮುಂದೆಯಾದರೋ ನಮಗೆ ಬಾಗಿಲು ತೆರೆದೇ ಇದೆ. ದರ ನಿಗದಿಗಾಗಿ ಅರ್ಜಿ ಹಾಕಿದವರು ಅದರ ಸಾರಾಂಶವನ್ನು ಪ್ರಕಟಿಸಬೇಕು. ಸಾರ್ವಜನಿಕರ ಸಲಹೆ, ಆಕ್ಷೇಪಣೆಗಳನ್ನು ಪರಿಶೀಲಿಸಿದ ಮೇಲೆಯೇ ಆಯೋಗ 120 ದಿನಗಳೊಳಗೆ ಆಜ್ಞೆ ಮಾಡಬೇಕೆಂದು ಶಾಸನದಲ್ಲಿದೆ. ನೀವು ತೆರುವ ದರದಲ್ಲಿ ದೊಡ್ಡ ಪಾಲು ವಿದ್ಯುತ್ತನ್ನು ಕೊಳ್ಳುವ ಖರ್ಚಿನದು. ಅಗ್ಗದ ಸೌರವಿದ್ಯುತ್ತನ್ನು ಎಷ್ಟು ಕೊಂಡಿರಿ, ಯಾವ ದರಕ್ಕೆ ಕೊಂಡಿರಿ ಎಂದು ಸರಬರಾಜು ಕಂಪನಿಯನ್ನು ಕೇಳಲು ವಕೀಲರೇ ಆಗಬೇಕಾಗಿಲ್ಲ. ಕೈಗಾರಿಕೆಯವರು ತಪ್ಪದೆ ಹೋಗಿ ತಮ್ಮ ಮಾತನ್ನು ಹೇಳುತ್ತಾರೆ. ಮನೆ ನಡೆಸುವ ನಾವು ಮಾತ್ರ, ದರ ಏರಿದ ಮೇಲೆ ಜಗಲಿಯ ಮೇಲೆ ಕುಳಿತು ಗೊಣಗುತ್ತೇವೆ.

ಸಾರಥಿ ಎಚ್ಚರವಾಗಿರಬೇಕಾದರೆ ರಥದಲ್ಲಿ ಕುಳಿತವರೂ ಎಚ್ಚರವಾಗಿರಬೇಕು. ಮುಂದಿನ ಸಲ ಪತ್ರಿಕೆಯ ಮೂಲೆಯಲ್ಲಿ ಅಂಥ ಪ್ರಕಟಣೆ ಕಂಡರೆ ಪುಟ ಮಗುಚಬೇಡಿ. ಪೂರ್ತಿಯಾಗಿ ಓದಿರಿ, ಮನೆಯವರಿಗೆ ಓದಿ ಹೇಳಿರಿ, ಕೇಳಬೇಕಾದುದನ್ನು ಕಾಗದದ ಮೇಲೆ ಬರೆದು, ಕೊಟ್ಟ ದಿನಾಂಕದೊಳಗೆ ಆಯೋಗಕ್ಕೆ ಕಳುಹಿಸಿರಿ.