ಕೇಳಿದ್ದಕ್ಕಷ್ಟೇ ಉತ್ತರ: ನಾನು ಫೇಲಾಗಿ ಕಲಿತ ಪಾಠ

ನಾನು ಮುಂಡರಗಿ ತಾಲ್ಲೂಕಿನವನು. ಡಂಬಳದ ಕಡೆಯಿಂದ ಕಪ್ಪತಗುಡ್ಡದ ಗಾಳಿಯಂತ್ರಗಳನ್ನ ನೋಡ್ತಾ ಬೆಳೆದವನು. ಈಗ ವಿಮಾನ ಹಾರಿಸೋದನ್ನ ಕಲಿಸ್ತೀನಿ. ಆದ್ರೆ ಇವತ್ತು ಹೇಳೋದು ಫೇಲಾದ ಕಥೆ.

ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಇದ್ದರೆ ವಿಮಾನ ಹಾರಿಸಬಹುದು, ಕಲಿಸೋಕೆ ಆಗಲ್ಲ. ಅದಕ್ಕೆ ಇನ್‌ಸ್ಟ್ರಕ್ಟರ್ ರೇಟಿಂಗ್ ಬೇಕು. ಅಲ್ಲಿ ಹಾರಾಟದ ಪರೀಕ್ಷೆ ಜೊತೆಗೆ ಮೌಖಿಕ ಪರೀಕ್ಷೆಯೂ ಇರುತ್ತೆ. ನನ್ನ ಓದಿಗೆ ಅಪ್ಪ ಹೊಲದ ಮೇಲೆ ಸಾಲ ತೆಗೆದಿದ್ದರು. ಹೀಗಾಗಿ ಏನೂ ಬಿಟ್ಟುಹೋಗಬಾರದು ಅಂತ ಎಲ್ಲ ಓದಿಕೊಂಡು ಹೋಗಿದ್ದೆ.

ಮೊದಲ ಪ್ರಶ್ನೆ: "ಸ್ಟಾಲ್ ಅಂದ್ರೇನು?"

ಉತ್ತರ ಎರಡೇ ಸಾಲು. ರೆಕ್ಕೆಗೂ ಎದುರು ಬರೋ ಗಾಳಿಗೂ ನಡುವಿನ ಕೋನ ಒಂದು ಮಿತಿ ದಾಟಿದಾಗ ಗಾಳಿ ರೆಕ್ಕೆಯ ಮೇಲ್ಮೈ ಬಿಟ್ಟು ಚದುರುತ್ತೆ, ಎತ್ತುವ ಬಲ ಕುಸಿಯುತ್ತೆ. ಇಷ್ಟು ಹೇಳಿದೆ. ಅಲ್ಲಿಗೇ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ಆ ಬಲ ಹೇಗೆ ಹುಟ್ಟುತ್ತೆ ಅಂತ ಶುರು ಮಾಡಿದೆ. "ಮೇಲಿನ ಗಾಳಿ, ಕೆಳಗಿನ ಗಾಳಿ ರೆಕ್ಕೆಯ ಹಿಂದೆ ಒಂದೇ ಸಮಯಕ್ಕೆ ಸೇರಬೇಕು, ಅದಕ್ಕೇ ಮೇಲಿನದು ಜೋರಾಗಿ ಓಡುತ್ತೆ" ಅಂದುಬಿಟ್ಟೆ.

ಪರೀಕ್ಷಕರು ಪೆನ್ ಕೆಳಗಿಟ್ಟರು. "ಸೇರಬೇಕು ಅಂತ ಯಾರು ಹೇಳಿದ್ರು?"

ನಿಜಕ್ಕೂ ಅವು ಒಟ್ಟಿಗೆ ಸೇರೋದಿಲ್ಲ, ಮೇಲಿನ ಗಾಳಿ ಮೊದಲೇ ಹಿಂದಿನ ಅಂಚು ದಾಟುತ್ತೆ. ಅವರು ಅದನ್ನ ಕೇಳಿರಲೇ ಇಲ್ಲ! ತಪ್ಪು ಮುಚ್ಚೋಕೆ ಇನ್ನಷ್ಟು ಮಾತಾಡಿದೆ, ಇನ್ನಷ್ಟು ಸಿಕ್ಕಿಬಿದ್ದೆ.

ಊರಿಗೆ ಬಂದೆ. ಅಪ್ಪ ಬೈಲಿಲ್ಲ. "ತಮ್ಮಾ, ಗದಗ ಎಪಿಎಂಸಿಯೊಳಗ 'ಉಳ್ಳಾಗಡ್ಡಿ ಎಷ್ಟು ಚೀಲ?' ಅಂತ ಕೇಳಿದ್ರ ಚೀಲದ ಲೆಕ್ಕ ಹೇಳಬೇಕು. ಮಳಿ ಬಂದಿದ್ದು, ಆಳು ಸಿಗದ್ದು ಎಲ್ಲಾ ಹೇಳಿದ್ರ, 'ಮಳಿ ಬಿದ್ದಿತ್ತಾ? ಹಂಗಾರ ಮಾಲು ಹಸಿ ಐತಿ' ಅಂತ ದರ ಇಳಸ್ತಾರ. ಹಸಿ ಐತೇನು ಅಂತ ಕೇಳಿದ್ರ ಮಾತ್ರ ಸುಳ್ಳು ಹೇಳಬಾರದು" ಅಂದ್ರು.

ಲಕ್ಷ್ಮೇಶ್ವರದ ಗೆಳೆಯನೊಬ್ಬ ದಿನಾ ಫೋನಲ್ಲಿ ಪ್ರಶ್ನೆ ಕೇಳ್ತಿದ್ದ, ನಾನು ಉತ್ತರ ರೆಕಾರ್ಡ್ ಮಾಡ್ತಿದ್ದೆ. ನಿಯಮ ಮೂರು. "ಏನು?" ಅಂದ್ರೆ ವ್ಯಾಖ್ಯೆ ಮಾತ್ರ. "ಯಾಕೆ?" ಅಂದ್ರೆ ಕಾರಣ ಮಾತ್ರ. ಆಮೇಲೆ ಬಾಯಿ ಮುಚ್ಚೋದು. ಆ ಮೌನವೇ ಕಷ್ಟ ನೋಡಿ, ತುಂಬಿಸೋಣ ಅನ್ಸುತ್ತೆ. "ಹೇಗೆ ಕಲಿಸ್ತೀಯ?" ಅಂತ ಕೇಳಿದ್ರೆ ಮಾತ್ರ ಬೋರ್ಡ್ ಹತ್ರ ಹೋಗಿ ನಿಧಾನವಾಗಿ ವಿವರಿಸಬಹುದು.

ಎರಡನೇ ಸಲ ಕೇಳಿದ್ರು: "ವೇಗ ಚೆನ್ನಾಗಿದ್ದರೂ ಸ್ಟಾಲ್ ಆಗುತ್ತಾ?"

"ಆಗುತ್ತೆ ಸರ್. ಕೋನ ಮಿತಿ ದಾಟಿದ್ರೆ ಯಾವ ವೇಗದಲ್ಲೂ."

"ಉದಾಹರಣೆ?"

"ಎತ್ತರ ಕಾಯ್ದುಕೊಂಡು 60 ಡಿಗ್ರಿ ವಾಲಿಸಿ ತಿರುಗಿದ್ರೆ ಭಾರ ಎರಡು ಪಟ್ಟು. ಸ್ಟಾಲ್ ಆಗುವ ವೇಗ ಸುಮಾರು 41% ಹೆಚ್ಚು."

ಇನ್ನೊಂದು ಪ್ರಶ್ನೆಗೆ ಅಂಕಿ ನೆನಪಾಗಲಿಲ್ಲ. "ಗೊತ್ತಿಲ್ಲ ಸರ್, ವಿಮಾನದ ಕೈಪಿಡಿ ನೋಡಿ ಹೇಳ್ತೀನಿ" ಅಂದೆ. ತೆಗೆದು ತೋರಿಸಿದೆ. ತಲೆಯಾಡಿಸಿದರು. ಪಾಸಾದೆ.

ಇದು ಬರೀ ಪರೀಕ್ಷೆಯ ಟ್ರಿಕ್ ಅಂದ್ಕೊಂಡಿದ್ದೆ. ಆಮೇಲೊಂದು ದಿನ ಇಳಿಯೋಕೆ ಮುಂಚಿನ ಕೊನೆಯ ತಿರುವಿನಲ್ಲಿ ನನ್ನ ವಿದ್ಯಾರ್ಥಿ ರನ್‌ವೇ ದಾಟಿಹೋಗ್ತೀವಿ ಅಂತ ಗಾಬರಿಯಾದ. ಜಾಸ್ತಿ ವಾಲಿಸಿ ಕಂಟ್ರೋಲ್ ಹಿಂದಕ್ಕೆ ಎಳೆದ. ಸ್ಟಾಲ್ ಎಚ್ಚರಿಕೆ ಕೂಗಿತು, ನೆಲ ಹತ್ತಿರವೇ ಇತ್ತು. ಅಲ್ಲಿ ರೆಕ್ಕೆಯ ಪಾಠ ಮಾಡೋಕಾಗುತ್ತಾ? "ಐ ಹ್ಯಾವ್ ಕಂಟ್ರೋಲ್" ಅಂದೆ. ಅವನು ಕೈ ಬಿಟ್ಟ. ಮೂಗು ಇಳಿಸಿ, ರೆಕ್ಕೆ ಸಮ ಮಾಡಿ, ಪೂರ್ತಿ ಪವರ್ ಕೊಟ್ಟು ಮೇಲೆ ಹೋದೆ. ವಿವರಣೆ ಎಲ್ಲಾ ಇಳಿದ ಮೇಲೆ, ಚಹಾ ಕುಡೀತಾ.

ಆ ಟೇಬಲ್ ಮುಂದೆ ಅವರು ನೋಡ್ತಿದ್ದದ್ದು ಇದನ್ನೇ ಅಂತ ಆಗ ಅರ್ಥವಾಯ್ತು. ನಾಳೆ ನಿಮಗೂ ಯಾವುದೋ ಇಂಟರ್‌ವ್ಯೂ, ವೈವಾ ಇರಬಹುದು. ಪೂರ್ತಿ ಓದಿ. ಕೇಳಿದ್ದಕ್ಕೆ ಉತ್ತರಿಸಿ. ನಿಲ್ಲಿಸಿ.

ಮತ್ತೆ ಸಿಗೋಣ. ಶರಣ್ರೀ.