ಔಷಧಿ ಸಿಕ್ಕರೆ ಸಾಲದು: ಕ್ಷಯರೋಗ ಕಲಿಸುವ ಪಾಠ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಔಷಧಿ ಮತ್ತು ಚಿಕಿತ್ಸೆಯಲ್ಲಿ ಈಚೆಗೆ ನಡೆದಿರುವ ಸಂಶೋಧನೆಗಳ ಬಗ್ಗೆ ಮಾತನಾಡಬೇಕೆಂದು ಕಾರ್ಯದರ್ಶಿಯವರು ನನಗೆ ಹೇಳಿದರು. ನಾನು ಡಾಕ್ಟರಲ್ಲ, ವಿಜ್ಞಾನಿಯೂ ಅಲ್ಲ. ಉರ್ದು ಮತ್ತು ಕನ್ನಡ ಕಲಿಸುವ ಶಾಲಾ ಶಿಕ್ಷಕಿ. ವಿಷಯವೋ ಸಮುದ್ರದಷ್ಟು ದೊಡ್ಡದು. ಅದಕ್ಕೇ ಒಂದೇ ಒಂದು ಕಾಯಿಲೆಯನ್ನು ಆರಿಸಿಕೊಂಡಿದ್ದೇನೆ. ಅದು ಟಿ.ಬಿ. ಕನ್ನಡದಲ್ಲಿ ಇದಕ್ಕೆ ಕ್ಷಯ ಎನ್ನುತ್ತೇವೆ, ಅಂದರೆ ಸವೆಯುವುದು. ಉರ್ದುವಿನಲ್ಲಿ ತಪ್-ಎ-ದಿಕ್ ಎನ್ನುತ್ತೇವೆ, ಅಂದರೆ ಮೈ ಸೊರಗಿಸುವ ಜ್ವರ. ಎರಡು ಭಾಷೆಯ ಹಿರಿಯರೂ ರೋಗಿಯ ಸೊರಗಿದ ಮೈ ನೋಡಿಯೇ ಹೆಸರಿಟ್ಟಿದ್ದಾರೆ.

ಇದು ಹಳೆಯ ಕಾಯಿಲೆ, ಈಗೆಲ್ಲಿದೆ ಎಂದು ಕೆಲವರು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2023ನೇ ಇಸವಿಯೊಂದರಲ್ಲೇ ಜಗತ್ತಿನಲ್ಲಿ ಸುಮಾರು 1 ಕೋಟಿ 8 ಲಕ್ಷ ಜನರಿಗೆ ಕ್ಷಯ ಬಂತು. ಸುಮಾರು 12 ಲಕ್ಷದ 50 ಸಾವಿರ ಜನ ಸತ್ತರು. ರೋಗಿಗಳಲ್ಲಿ ನಾಲ್ವರಲ್ಲಿ ಒಬ್ಬರು ನಮ್ಮ ಭಾರತದವರು. ಈ ರೋಗಕ್ಕೆ ಔಷಧಿ ಸಿಕ್ಕಿ 80 ವರ್ಷ ಕಳೆದಿದೆ. ಔಷಧಿ ಇದ್ದೂ ಇಷ್ಟೊಂದು ಜನ ಏಕೆ ಸಾಯುತ್ತಿದ್ದಾರೆ? ಇದೇ ಇಂದಿನ ನನ್ನ ಪ್ರಶ್ನೆ.

ಮೊದಲು ಔಷಧಿ ಸಿಕ್ಕ ಕಥೆಯನ್ನು ನೋಡೋಣ. 1882ರ ಮಾರ್ಚ್ 24ರಂದು ಬರ್ಲಿನ್ ನಗರದಲ್ಲಿ ರಾಬರ್ಟ್ ಕಾಕ್ ಎಂಬ ವಿಜ್ಞಾನಿ ಕ್ಷಯಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ಜಗತ್ತಿಗೆ ತೋರಿಸಿದರು. ಆ ನೆನಪಿಗಾಗಿಯೇ ಮಾರ್ಚ್ 24ನ್ನು ವಿಶ್ವ ಕ್ಷಯರೋಗ ದಿನವೆಂದು ಆಚರಿಸುತ್ತೇವೆ. ಶತ್ರು ಯಾರೆಂದು ತಿಳಿದರೂ ಅವನನ್ನು ಕೊಲ್ಲುವ ಆಯುಧ ಸಿಗಲು ಇನ್ನೂ 60 ವರ್ಷ ಬೇಕಾಯಿತು. 1943ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ, ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಓದುತ್ತಿದ್ದ ಆಲ್ಬರ್ಟ್ ಶಾಟ್ಜ್ ಎಂಬ ವಿದ್ಯಾರ್ಥಿ, ಮಣ್ಣಿನಲ್ಲಿರುವ ಒಂದು ಸೂಕ್ಷ್ಮಜೀವಿಯಿಂದ ಸ್ಟ್ರೆಪ್ಟೊಮೈಸಿನ್ ಎಂಬ ಔಷಧಿಯನ್ನು ಬೇರ್ಪಡಿಸಿದ. ವಿದ್ಯಾರ್ಥಿಗಳೇ ಗಮನಿಸಿ, ಆಗ ಅವನಿಗೆ ಕೇವಲ 23 ವರ್ಷ ವಯಸ್ಸು.

ಇಂಗ್ಲೆಂಡಿನ ವೈದ್ಯರು ಈ ಔಷಧಿಯನ್ನು ಪರೀಕ್ಷಿಸಿ 1948ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರು ತಿಂಗಳಲ್ಲಿ ಔಷಧಿ ಪಡೆದ 55 ಜನರಲ್ಲಿ 4 ಜನ ಸತ್ತಿದ್ದರು. ಔಷಧಿ ಇಲ್ಲದೆ ವಿಶ್ರಾಂತಿಯಲ್ಲೇ ಇದ್ದ 52 ಜನರಲ್ಲಿ 14 ಜನ ಸತ್ತಿದ್ದರು. ಎಲ್ಲರಿಗೂ ಸಂತೋಷವಾಯಿತು. ಆದರೆ ಐದು ವರ್ಷ ಕಳೆದ ಮೇಲೆ ನೋಡಿದರೆ ಔಷಧಿ ಪಡೆದವರಲ್ಲೂ 32 ಜನ ತೀರಿಕೊಂಡಿದ್ದರು, ಪಡೆಯದವರಲ್ಲಿ 35 ಜನ. ಗೆದ್ದೆವು ಎಂದುಕೊಂಡ ಯುದ್ಧ ಮತ್ತೆ ಕೈತಪ್ಪಿತ್ತು. ಒಂದೇ ಔಷಧಿಗೆ ಬ್ಯಾಕ್ಟೀರಿಯಾ ಬಗ್ಗದಂತಾಗಿಬಿಟ್ಟಿತ್ತು.

ಇದು ಹೇಗೆ ಎಂಬುದನ್ನು ಸ್ವಲ್ಪ ಗಣಿತದಿಂದ ತಿಳಿಯೋಣ. ರೋಗಿಯ ಶ್ವಾಸಕೋಶದ ಒಂದು ಗಾಯದಲ್ಲಿ ಹತ್ತು ಕೋಟಿ ಬ್ಯಾಕ್ಟೀರಿಯಾ ಇವೆ ಎಂದುಕೊಳ್ಳಿ. ಐಸೋನಿಯಾಜಿಡ್ ಎಂಬ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಸುಮಾರು ಹತ್ತು ಲಕ್ಷಕ್ಕೆ ಒಂದು ಇರುತ್ತದೆ. ಅಂದರೆ ಹತ್ತು ಕೋಟಿಯಲ್ಲಿ ನೂರು. ಆ ಔಷಧಿಯೊಂದನ್ನೇ ಕೊಟ್ಟರೆ ಉಳಿದವೆಲ್ಲ ಸತ್ತು ಈ ನೂರು ಬದುಕುತ್ತವೆ, ಬೆಳೆದು ಮತ್ತೆ ಕೋಟಿಯಾಗುತ್ತವೆ. ರಿಫಾಂಪಿಸಿನ್ ಎಂಬ ಔಷಧಿಗೆ ಬಗ್ಗದ್ದು ಸುಮಾರು ಹತ್ತು ಕೋಟಿಗೆ ಒಂದು. ಎರಡನ್ನೂ ಒಟ್ಟಿಗೆ ಕೊಟ್ಟರೆ? ಎರಡಕ್ಕೂ ಬಗ್ಗದ್ದು ಸಿಗಬೇಕಾದರೆ ಒಂದು ಕೋಟಿಯನ್ನು ಇನ್ನೊಂದು ಕೋಟಿಯಿಂದ ಗುಣಿಸಿದಷ್ಟು ಬ್ಯಾಕ್ಟೀರಿಯಾ ಬೇಕು. ಅಷ್ಟು ಯಾರ ಎದೆಯಲ್ಲೂ ಇರುವುದಿಲ್ಲ. ಕ್ಷಯಕ್ಕೆ ಮೂರು ನಾಲ್ಕು ಔಷಧಿಗಳನ್ನು ಒಟ್ಟಿಗೆ ಕೊಡುವುದರ ಗುಟ್ಟು ಇದು. ಇವುಗಳಲ್ಲಿ ಒಂದನ್ನು ನುಂಗಿ ಇನ್ನೊಂದನ್ನು ಬಿಟ್ಟರೆ ಶತ್ರುವಿಗೆ ನಾವೇ ಬಾಗಿಲು ತೆರೆದಂತೆ.

ಈ ಐಸೋನಿಯಾಜಿಡ್ ಕಥೆಯೂ ಕೇಳುವಂಥದ್ದು. 1912ರಲ್ಲೇ ಪ್ರಾಗ್ ನಗರದಲ್ಲಿ ಇಬ್ಬರು ರಸಾಯನಶಾಸ್ತ್ರಜ್ಞರು ಇದನ್ನು ತಯಾರಿಸಿದ್ದರು. ಆದರೆ ಇದು ಕ್ಷಯವನ್ನು ಗುಣಪಡಿಸುತ್ತದೆ ಎಂದು ತಿಳಿದದ್ದು 1950ರ ದಶಕದ ಆರಂಭದಲ್ಲಿ. ನಡುವಿನ ಸುಮಾರು 40 ವರ್ಷ ಲಕ್ಷಾಂತರ ಜನ ಸಾಯುತ್ತಿದ್ದಾಗ ಔಷಧಿ ಪುಸ್ತಕದೊಳಗೇ ಇತ್ತು. ಯಾರೂ ಅದನ್ನು ಕ್ಷಯದ ಮೇಲೆ ಪರೀಕ್ಷಿಸಿ ನೋಡಿರಲಿಲ್ಲ.

ಇನ್ನು ನಮ್ಮ ದೇಶಕ್ಕೆ ಬರೋಣ. ಆಗೆಲ್ಲ ಕ್ಷಯ ಬಂದವರನ್ನು ಸ್ಯಾನಟೋರಿಯಂಗೆ ಕಳಿಸಬೇಕು, ಒಳ್ಳೆಯ ಗಾಳಿ, ಒಳ್ಳೆಯ ಊಟ, ವಿಶ್ರಾಂತಿ ಬೇಕು ಎಂದು ಹೇಳುತ್ತಿದ್ದರು. ಬಡವರಿಗೆ ಇದೆಲ್ಲ ಎಲ್ಲಿಂದ ಬರಬೇಕು? 1956ರಲ್ಲಿ ಮದರಾಸಿನಲ್ಲಿ ಒಂದು ಪ್ರಯೋಗ ಶುರುವಾಯಿತು. 193 ಬಡ ರೋಗಿಗಳಲ್ಲಿ ಕೆಲವರನ್ನು ಸ್ಯಾನಟೋರಿಯಂನಲ್ಲಿ ಇಟ್ಟರು, ಕೆಲವರಿಗೆ ಮನೆಯಲ್ಲೇ ಒಂದು ವರ್ಷ ಔಷಧಿ ಕೊಟ್ಟರು. 1959ರಲ್ಲಿ ಬಂದ ಫಲಿತಾಂಶ ಜಗತ್ತಿನ ವೈದ್ಯರನ್ನು ಬೆರಗುಗೊಳಿಸಿತು. ಇಕ್ಕಟ್ಟಾದ ಮನೆಯಲ್ಲಿದ್ದವರೂ ಸ್ಯಾನಟೋರಿಯಂನಲ್ಲಿದ್ದವರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಗುಣವಾಗಿದ್ದರು. ಮನೆಯವರಿಗೆ ರೋಗ ಅಂಟಿದ್ದೂ ಹೆಚ್ಚಾಗಿರಲಿಲ್ಲ. ರೋಗಿಯನ್ನು ಮನೆಯಿಂದ ದೂರ ಮಾಡಬೇಕಾಗಿಲ್ಲ ಎಂಬುದನ್ನು ಜಗತ್ತಿಗೆ ಕಲಿಸಿದ್ದು ಮದರಾಸಿನ ಬಡವರ ಕೇರಿಗಳು.

ಅದೇ 1959ರಲ್ಲಿ ನಮ್ಮ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಅಧ್ಯಯನ ಮಾಡಿ 1963ರಲ್ಲಿ ಪ್ರಕಟಿಸಿದರು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂದು ಓದಿದವರು ಅಂದುಕೊಂಡಿದ್ದರು. ಆದರೆ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಬಾಗಿಲಿಗೆ ಹೋಗಿ ಬಂದಿದ್ದರು! ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿ ಮಾತ್ರ. ತಪ್ಪು ಹಳ್ಳಿಯವರದಾಗಿರಲಿಲ್ಲ. ಬಡವರ ಬಗ್ಗೆ ಮಾತನಾಡುವ ಮುಂಚೆ ನಾವೆಲ್ಲ ನೆನಪಿಡಬೇಕಾದ ಮಾತಿದು.

ಆಮೇಲೆ ರಿಫಾಂಪಿಸಿನ್ ಬಂತು, ಚಿಕಿತ್ಸೆ ಆರು ತಿಂಗಳಿಗೆ ಇಳಿಯಿತು. ಆದರೆ ಆರು ತಿಂಗಳು ಕೂಡ ಏಕೆ ಬೇಕು? ನಮ್ಮ ಕರುಳಿನಲ್ಲಿರುವ ಸಾಮಾನ್ಯ ಬ್ಯಾಕ್ಟೀರಿಯಾ 20 ನಿಮಿಷದಲ್ಲಿ ಒಂದು ಎರಡಾಗಬಲ್ಲದು. ಕ್ಷಯದ ಬ್ಯಾಕ್ಟೀರಿಯಾಕ್ಕೆ ಸುಮಾರು 20 ಗಂಟೆ ಬೇಕು. ಮೇಣದಂಥ ದಪ್ಪ ಹೊದಿಕೆ ಹೊದ್ದು ಕೆಲವು ನಿದ್ರೆ ಮಾಡುತ್ತಿರುತ್ತವೆ. ಹೆಚ್ಚಿನ ಔಷಧಿಗಳು ಎಚ್ಚರವಾಗಿ ಬೆಳೆಯುತ್ತಿರುವುದನ್ನೇ ಚೆನ್ನಾಗಿ ಕೊಲ್ಲುತ್ತವೆ. ನಿದ್ರೆ ಮಾಡುತ್ತಿರುವುದು ಏಳುವವರೆಗೂ ನಾವು ಕಾಯಬೇಕು. ಮೊದಲ ಎರಡು ತಿಂಗಳಲ್ಲಿ ಕೆಮ್ಮು ನಿಲ್ಲುತ್ತದೆ, ಹಸಿವು ಬರುತ್ತದೆ, ಮುಖದಲ್ಲಿ ಕಳೆ ಬರುತ್ತದೆ. ಅಪಾಯ ಇರುವುದು ಅಲ್ಲಿಯೇ.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗಿಯೊಬ್ಬಳು ಬಹಳ ದಿನ ಬರಲಿಲ್ಲವೆಂದು ಅವಳ ಮನೆಗೆ ಹೋಗಿದ್ದೆ. ಅಮ್ಮ ಚಹಾ ಕೊಟ್ಟು ಮೆಲ್ಲಗೆ ಹೇಳಿದರು: "ಖಾಂಸಿ ಬಂದ್ ಹೋಗಯೀ ಟೀಚರ್, ಅಬ್ ಗೋಲಿಯಾಂ ಕಾಯ್ಕು?" ಕೆಮ್ಮು ನಿಂತಿತಲ್ಲ, ಇನ್ನು ಮಾತ್ರೆ ಯಾಕೆ ಎಂದು. ಮಾತ್ರೆ ನುಂಗಿದರೆ ಮೂತ್ರ ಕೆಂಪಗಾಗುತ್ತದೆ ಎಂಬ ಹೆದರಿಕೆ ಒಂದು. ರಿಫಾಂಪಿಸಿನ್‌ನಿಂದ ಹಾಗಾಗುವುದು ಸಹಜ, ಅದು ರಕ್ತವಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದು. ಆರೋಗ್ಯ ಕಾರ್ಯಕರ್ತೆ ತಿಂಗಳು ತಿಂಗಳು ಮನೆಗೆ ಬಂದರೆ ಓಣಿಯವರಿಗೆ ಗೊತ್ತಾಗುತ್ತದೆ, ನಾಳೆ ಹುಡುಗಿಗೆ ಗಂಡು ಸಿಗುವುದಿಲ್ಲ! ಆ ತಾಯಿಗೆ ಮಗಳ ಮೇಲೆ ಪ್ರೀತಿ ಇರಲಿಲ್ಲವೇ? ಪ್ರೀತಿ ಇದ್ದುದರಿಂದಲೇ ಅವರು ಮಾತ್ರೆ ನಿಲ್ಲಿಸಲು ಹೊರಟಿದ್ದರು. ವಿಜ್ಞಾನಿಗಳ 80 ವರ್ಷದ ದುಡಿಮೆ ಆ ಮನೆಯ ಹೊಸ್ತಿಲಲ್ಲಿ ನಿಂತುಬಿಟ್ಟಿತ್ತು.

ಹೀಗೆ ನಡುವೆ ಬಿಟ್ಟಾಗ, ಇಲ್ಲವೇ ಔಷಧಿಗೆ ಬಗ್ಗದ ಕ್ಷಯ ಬೇರೆಯವರಿಂದ ಅಂಟಿದಾಗ, ಏನಾಗುತ್ತದೆ? ಹಿಂದೆ ಅಂಥವರಿಗೆ ಒಂದೂವರೆ ಎರಡು ವರ್ಷದ ಚಿಕಿತ್ಸೆ ಬೇಕಿತ್ತು. ದಿನಕ್ಕೆ ಹಿಡಿ ಮಾತ್ರೆ, ತಿಂಗಳುಗಟ್ಟಲೆ ಚುಚ್ಚುಮದ್ದು. ಆ ಚುಚ್ಚುಮದ್ದಿನಿಂದ ಎಷ್ಟೋ ಜನರ ಕಿವಿ ಕೇಳದಂತಾಯಿತು. ಇಲ್ಲಿ ಹೊಸ ಸಂಶೋಧನೆ ನಿಜಕ್ಕೂ ದೊಡ್ಡ ಕೆಲಸ ಮಾಡಿದೆ. ಬೆಡಾಕ್ವಿಲಿನ್ ಎಂಬ ಔಷಧಿಯ ವಿಷಯ 2005ರಲ್ಲಿ ಪ್ರಕಟವಾಯಿತು, 2012ರ ಕೊನೆಯಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಬ್ಯಾಕ್ಟೀರಿಯಾ ತನಗೆ ಬೇಕಾದ ಶಕ್ತಿಯನ್ನು ತಯಾರಿಸಿಕೊಳ್ಳುವ ವ್ಯವಸ್ಥೆಯನ್ನೇ ಇದು ನಿಲ್ಲಿಸುತ್ತದೆ. ಒಲೆ ಆರಿದ ಮನೆಯಲ್ಲಿ ಅಡುಗೆ ಆಗುವುದೆಲ್ಲಿಂದ? 2019ರಲ್ಲಿ ಪ್ರಿಟೋಮಾನಿಡ್ ಎಂಬ ಇನ್ನೊಂದು ಔಷಧಿ ಬಂತು. ಈ ಎರಡರ ಜೊತೆ ಲಿನೆಜೋಲಿಡ್ ಸೇರಿಸಿ ದಕ್ಷಿಣ ಆಫ್ರಿಕಾದಲ್ಲಿ ಬಹಳ ಕಠಿಣ ಕ್ಷಯವಿದ್ದ 109 ಜನರಿಗೆ ಕೊಟ್ಟರು. ಹತ್ತರಲ್ಲಿ ಒಂಬತ್ತು ಜನ ಗುಣವಾದರೆಂದು 2020ರಲ್ಲಿ ವರದಿಯಾಯಿತು. ಅದೂ ಚುಚ್ಚುಮದ್ದಿಲ್ಲದೆ, ಸುಮಾರು ಆರು ತಿಂಗಳಲ್ಲಿ! ಇವುಗಳಿಗೆ ಮಾಕ್ಸಿಫ್ಲಾಕ್ಸಸಿನ್ ಸೇರಿಸಿದ ನಾಲ್ಕು ಔಷಧಿಗಳ ಚಿಕಿತ್ಸೆಗೆ ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಯಾರಿಗೆ ಯಾವುದು ಎಂಬುದನ್ನು ಮಾತ್ರ ವೈದ್ಯರೇ ತೀರ್ಮಾನಿಸಬೇಕು.

ಇಲ್ಲಿ ಇಬ್ಬರು ಯುವತಿಯರನ್ನು ನೆನೆಯಬೇಕು. ಒಬ್ಬರು ನಮ್ಮ ದೇಶದ ನಂದಿತಾ ವೆಂಕಟೇಶನ್, ಇನ್ನೊಬ್ಬರು ದಕ್ಷಿಣ ಆಫ್ರಿಕಾದ ಫುಮೇಜಾ ಟಿಸಿಲೆ. ಇಬ್ಬರೂ ಕ್ಷಯದಿಂದ ಗುಣವಾದರು, ಆದರೆ ಚಿಕಿತ್ಸೆಯಲ್ಲಿ ಇಬ್ಬರೂ ಕಿವಿ ಕಳೆದುಕೊಂಡರು. ಬೆಡಾಕ್ವಿಲಿನ್ ತಯಾರಿಸುವ ಕಂಪನಿ ತನ್ನ ಪೇಟೆಂಟ್ ಹಕ್ಕನ್ನು ಭಾರತದಲ್ಲಿ ಇನ್ನೂ ಕೆಲವು ವರ್ಷ ಮುಂದುವರಿಸಲು ಅರ್ಜಿ ಹಾಕಿದಾಗ ಇವರಿಬ್ಬರೂ ಆಕ್ಷೇಪಣೆ ಸಲ್ಲಿಸಿದರು. 2023ರ ಮಾರ್ಚ್‌ನಲ್ಲಿ ನಮ್ಮ ಪೇಟೆಂಟ್ ಕಚೇರಿ ಆ ಅರ್ಜಿಯನ್ನು ತಿರಸ್ಕರಿಸಿತು. ಬೇರೆ ಕಂಪನಿಗಳೂ ಈ ಔಷಧಿಯನ್ನು ತಯಾರಿಸಲು ದಾರಿಯಾಯಿತು. ತಮಗಿನ್ನು ಬೇಡವಾದ ಔಷಧಿಗಾಗಿ ಇವರು ಹೋರಾಡಿದ್ದು ಮುಂದೆ ಬರುವ ರೋಗಿಗಳಿಗಾಗಿ.

ಔಷಧಿಯನ್ನು ದೇಹಕ್ಕೆ ತಲುಪಿಸುವ ರೀತಿಯಲ್ಲೂ ಸುಧಾರಣೆಯಾಗಿದೆ. ಮೊದಲು ದೊಡ್ಡವರ ಕಹಿ ಮಾತ್ರೆಯನ್ನೇ ಅಮ್ಮಂದಿರು ಪುಡಿ ಮಾಡಿ ಮಕ್ಕಳ ಬಾಯಿಗೆ ಹಾಕುತ್ತಿದ್ದರು. ಪ್ರಮಾಣ ಸರಿಯಾಗಿ ಹೇಗೆ ಬಂದೀತು? 2015ರ ಕೊನೆಯಲ್ಲಿ ಮಕ್ಕಳಿಗೆಂದೇ ನೀರಿನಲ್ಲಿ ಕರಗುವ, ಹಣ್ಣಿನ ರುಚಿಯ ಮಾತ್ರೆ ಬಂತು. ಇದೇನು ಮಹಾ ಎನಿಸಬಹುದು. ಮಗು ಉಗುಳದೆ ನುಂಗುವ ಔಷಧಿಯೇ ಮಗುವನ್ನು ಉಳಿಸುವ ಔಷಧಿ. ರೋಗ ಪತ್ತೆಯೂ ಸುಲಭವಾಗಿದೆ. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯ ಮತ್ತು ಗೋವಾದ ಮೋಲ್‌ಬಯೋ ಕಂಪನಿ ರೂಪಿಸಿದ ಟ್ರೂನ್ಯಾಟ್ ಎಂಬ ಬ್ಯಾಟರಿಯಿಂದ ನಡೆಯುವ ಪುಟ್ಟ ಯಂತ್ರವನ್ನು 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾನ್ಯ ಮಾಡಿತು. ಕಫದಲ್ಲಿ ಕ್ಷಯ ಇದೆಯೇ, ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಎಂಬುದನ್ನು ವಾರಗಟ್ಟಲೆ ಕಾಯದೆ ಕೆಲವೇ ಗಂಟೆಗಳಲ್ಲಿ ತಿಳಿಯಬಹುದು.

ಕೊನೆಯದಾಗಿ ಒಂದು ಸಂಶೋಧನೆ. ಇದರಲ್ಲಿ ಹೊಸ ಮಾತ್ರೆಯೇ ಇಲ್ಲ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್ ರಾಜ್ಯದಲ್ಲಿ 2,800 ರೋಗಿಗಳಿಗೆ ಔಷಧಿಯ ಜೊತೆ ಆಹಾರದ ಕಿಟ್ ಕೊಟ್ಟರು. ಕೆಲವು ಕಡೆ ಅವರ ಮನೆಯವರಿಗೂ ಅಕ್ಕಿ, ಬೇಳೆ ಕೊಟ್ಟರು. 2023ರಲ್ಲಿ ಬಂದ ಫಲಿತಾಂಶದಂತೆ, ಅಕ್ಕಿ ಬೇಳೆ ಪಡೆದ ಮನೆಯವರಲ್ಲಿ ಹೊಸದಾಗಿ ಕ್ಷಯ ಬರುವುದು ಸುಮಾರು 40 ಪ್ರತಿಶತ ಕಡಿಮೆಯಾಗಿತ್ತು. ಮೊದಲ ಎರಡು ತಿಂಗಳಲ್ಲಿ ತೂಕ ಹೆಚ್ಚಿಸಿಕೊಂಡ ರೋಗಿಗಳಲ್ಲಿ ಸಾವು ಬಹಳ ಕಡಿಮೆಯಿತ್ತು. ಮದರಾಸಿನ ಪ್ರಯೋಗ ಬಡ ಮನೆಯಲ್ಲೂ ಔಷಧಿ ಗುಣಪಡಿಸುತ್ತದೆ ಎಂದಿತ್ತು. ಅದರ ಅರ್ಥ ಊಟ ಬೇಡ ಎಂದಲ್ಲ. ಹೊಟ್ಟೆ ತುಂಬಿದ ಮನೆಗೆ ಕ್ಷಯ ಅಷ್ಟು ಸುಲಭವಾಗಿ ಬರುವುದಿಲ್ಲ.

ಈಗ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಪ್ರಯೋಗಾಲಯದಲ್ಲಿ ಔಷಧಿ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಸರಿಯಾದ ಪರೀಕ್ಷೆ, ಕೈಗೆಟುಕುವ ಬೆಲೆ, ಹೊಟ್ಟೆಗೆ ಅನ್ನ, ಕೊನೆಯ ದಿನದವರೆಗೆ ಮಾತ್ರೆ, ಮತ್ತು ನಾಚಿಕೆ ಇಲ್ಲದ ಮನಸ್ಸು, ಇವು ಉಳಿದರ್ಧ. ಆ ಉಳಿದರ್ಧ ನಮ್ಮ ಕೈಯಲ್ಲಿದೆ.

ಸದಸ್ಯರಲ್ಲಿ ನನ್ನ ವಿನಂತಿ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿರುವವರು ಕಂಡರೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕಫ ಪರೀಕ್ಷೆ ಮಾಡಿಸಿ. ಪರೀಕ್ಷೆ, ಔಷಧಿ ಎರಡೂ ಉಚಿತ. ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ಕೊಡುತ್ತಿದ್ದ ತಿಂಗಳಿಗೆ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1,000 ರೂಪಾಯಿಗೆ ಏರಿಸಲಾಗಿದೆ. ಬ್ಯಾಂಕ್ ಖಾತೆ ಇಲ್ಲದವರಿಗೆ ಖಾತೆ ತೆರೆಯಲು ನೆರವಾಗಿ. ರಮಜಾನಿನಲ್ಲಿ ರೋಜಾ ಇಡಬೇಕೆಂದು ಮಾತ್ರೆ ಬಿಡುವವರಿದ್ದಾರೆ. ಕಾಯಿಲೆಯವರಿಗೆ ರೋಜಾ ಮುಂದಕ್ಕೆ ಹಾಕಲು ನಮ್ಮ ಧರ್ಮವೇ ರಿಯಾಯಿತಿ ಕೊಟ್ಟಿದೆ. ವೈದ್ಯರನ್ನು ಕೇಳದೆ ಒಂದು ದಿನವೂ ಮಾತ್ರೆ ತಪ್ಪಿಸಬಾರದು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಯಾರಾದರೂ ಮುಂದೆ ಹೊಸ ಔಷಧಿ ಕಂಡುಹಿಡಿದರೆ ಅದಕ್ಕಿಂತ ಸಂತೋಷ ನನಗಿಲ್ಲ. ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಮನೆಯಲ್ಲಿ ಮಾತ್ರೆಯ ಚೀಟಿ ಓದಬಲ್ಲವರು ನೀವೇ. ಅಜ್ಜಿಗೆ, ಅಮ್ಮನಿಗೆ, ಪಕ್ಕದ ಮನೆಯ ಖಾಲಾಗೆ ಅವರದೇ ಭಾಷೆಯಲ್ಲಿ ಓದಿ ಹೇಳಿ. ತರಗತಿಯಲ್ಲಿ ಯಾರಿಗಾದರೂ ಈ ಕಾಯಿಲೆ ಬಂದರೆ ಅವರ ಗೆಳೆತನ ಬಿಡಬೇಡಿ. ವೈದ್ಯರು ಶಾಲೆಗೆ ಹೋಗಬಹುದು ಎಂದ ಮೇಲೆ ನಿಮ್ಮ ಬೆಂಚಿನಲ್ಲೇ ಜಾಗ ಕೊಡಿ.